ಹನ್ನೊಂದನೆಯ ನಕಲು

ಹಿಲಾರಿಯೊ ಗುವಾಜಿಗೆ ಮುಖವಿಲ್ಲ.
ಇಗರ್ಜಿಯ ಗೋಡೆಯ ಮೇಲೆ ಅವನ ಚಿತ್ರವಿಲ್ಲ,
ಗೋರಿಯನ್ನು ಮಾಮೊರೆ ನದಿ
ಯಾವುದೋ ನೆರೆಯಲ್ಲಿ ಎತ್ತಿಕೊಂಡು ಹೋಯಿತು.
ಉಳಿದದ್ದು ದನದ ಚರ್ಮದ ಪೆಟ್ಟಿಗೆ,
ಪೆಟ್ಟಿಗೆಯೊಳಗೆ ಕಾಗದ,
ಕಾಗದದೊಳಗೆ ಹುಳು.

ನಾನು ಪೆತ್ರೋನಾ ಯೂಕೊ,
ಅವನ ಹಾಡು ನಕಲು ಮಾಡುವವರ ಸಾಲಿನಲ್ಲಿ ಹನ್ನೊಂದನೆಯವಳು.
ಹಿಂದಿನ ಹತ್ತೂ ಜನ ಗಂಡಸರು.
ನನ್ನ ಸರದಿ ಬಂದದ್ದು ಯೋಗ್ಯತೆಯಿಂದಲ್ಲ:
ಸೋದರಮಾವನ ಕಣ್ಣಿಗೆ ಪೊರೆ ಬಂತು,
ಹುಡುಗರಿಗೆ ದೋಣಿಯ ಮೋಟರು ಬಿಚ್ಚುವುದು ಹೆಚ್ಚು ರುಚಿಸಿತು.
"ಇದ್ದಂತೆ ಬರೆ" ಅಂದ ಮಾವ. "ತಿದ್ದಬೇಡ.
ತಿದ್ದುವುದು ಬಲ್ಲವರ ಕೆಲಸ. ನಾವು ಹೊರುವವರು."

ಕಥೆ ಹೀಗೆ ಹೇಳುತ್ತಾರೆ:
ಹಿಲಾರಿಯೊ ಎಂಟು ವರ್ಷದವನಿದ್ದಾಗ
ಕರಿ ನಿಲುವಂಗಿಯ ಪಾದ್ರಿ ಅವನ ಬಾಯಿ ತೆರೆಸಿ
ಕುದುರೆಯ ಹಲ್ಲು ನೋಡುವಂತೆ ನೋಡಿದ.
ಆಮೇಲೆ ತಾನೊಂದು ಸ್ವರ ಹಾಡಿ, "ಹಿಡಿ" ಅಂದ.
ಹುಡುಗ ಹಿಡಿದ. ಬಿಡಲೇ ಇಲ್ಲ.
ಅರ್ಥ ಗೊತ್ತಿಲ್ಲದೆ ಲ್ಯಾಟಿನ್ ಹಾಡಿದ,
ಹಿಮ ಕಾಣದ ಊರಿನಲ್ಲಿ ಹಿಮದ ಕ್ರಿಸ್ಮಸ್ ಹಾಡಿದ,
ಕಾಡಿನ ಮರ ಕೆತ್ತಿ ಪಿಟೀಲು ಮಾಡಿದ.
ತಪ್ಪಿದಾಗ ಬೆನ್ನೊಡ್ಡಿದ.
ಆ ಕಾಲದಲ್ಲಿ ತಾಳಕ್ಕೂ ಏಟಿಗೂ ಒಂದೇ ಕೋಲು.

ಒಂದು ಬೆಳಗ್ಗೆ ರಾಜನ ಓಲೆ ಬಂತು.
ಸಿಪಾಯಿಗಳು ಪಾದ್ರಿಗಳನ್ನು ದೋಣಿ ಹತ್ತಿಸಿದರು.
ಮುದುಕ ಪಾದ್ರಿ ಕೀಲಿಕೈಯನ್ನು ಹಿಲಾರಿಯೊನ ಕೈಗಿತ್ತು ಅತ್ತನಂತೆ.
ಹಿಲಾರಿಯೊ ಅಳಲಿಲ್ಲ. ನಗಲೂ ಇಲ್ಲ.
ಭಾನುವಾರ ಇಗರ್ಜಿಯ ಬಾಗಿಲು ತೆರೆದ,
ಶ್ರುತಿ ಕೂಡಿಸಿದ.
ಹೇಳಿಸಿಕೊಳ್ಳದೆ ಅವನು ಕಟ್ಟಿದ ಮೊದಲ ಹಾಡು ಅದು:
ನಮ್ಮ ಮಾತಿನಲ್ಲಿ, ನಮ್ಮ ಉಸಿರಿನ ಉದ್ದಕ್ಕೆ,
ಸಂತರ ಹೆಸರುಗಳ ಸಾಲಿನ ನಡುನಡುವೆ
ದೊರೆಯ ದೋಣಿಗೆ ಹುಟ್ಟು ಹಾಕಲು ಹೋಗಿ
ಮರಳಿ ಬಾರದವರ ಹೆಸರು ಸಿಕ್ಕಿಸಿ.
ಹೊಸ ಅಧಿಕಾರಿಗೆ ನಮ್ಮ ಮಾತು ಬಾರದು.
ಎಲ್ಲರನ್ನೂ ಸಂತರೆಂದೇ ನಂಬಿ
ಮಂಡಿಯೂರಿ ಕೇಳಿದ.

ಇನ್ನು ಆ ತೂತಿನ ವಿಷಯ.
ಮೂರನೆಯ ಹಾಳೆ, ಕೆಳಗಿನ ಸಾಲು.
ಉಳಿದ ದನಿಗಳೆಲ್ಲ ನಿಲ್ಲುವ ಕಡೆ
ಮಂದ್ರದ ಕೊಳವೆಗಳಿಗೆ ಮಾತ್ರ ಒಂದು ಸ್ವರ,
ಇಡೀ ಹಾಡಿಗೆ ಅಡ್ಡ ಮಲಗಿದ ಸ್ವರ.
ತಾಳೆಗರಿ ಸುತ್ತಿದ ಆಳೆತ್ತರದ ಕೊಳವೆಗಳು
ಅಲ್ಲಿ ಕರು ಕಳೆದುಕೊಂಡ ಹಸುವಿನಂತೆ ಕೂಗುತ್ತವೆ.
ಮಕ್ಕಳು ಪೂಜೆಗೆ ಬರುವುದೇ ಅದಕ್ಕೆ.

ಹೋದ ವರ್ಷ ಊರಿಗೆ ಬಂದ ಪಂಡಿತೆ, ಬಿಳಿ ಕೈಗವಸಿನವಳು,
ಎಲ್ಲಕ್ಕಿಂತ ಹಳೆಯ ಹಾಳೆಯನ್ನು ಬೆಳಕಿಗೆ ಹಿಡಿದಳು.
"ಇಲ್ಲಿ ಸ್ವರವಿಲ್ಲ, ಪೆತ್ರೋನಾ. ಹುಳು ಕೊರೆದದ್ದು.
ನಿಮ್ಮ ಐದನೆಯವನೋ ಆರನೆಯವನೋ
ತೂತನ್ನೇ ಸ್ವರವೆಂದು ಬರೆದಿದ್ದಾನೆ."
ಒಳ್ಳೆಯವಳು. ಹೇಳುವಾಗ ದನಿ ತಗ್ಗಿಸಿದ್ದಳು,
ಸಾವಾದ ಮನೆಯಲ್ಲಿ ಮಾತಾಡುವಂತೆ.

ಆ ರಾತ್ರಿ ಲೆಕ್ಕ ಹಾಕಿದೆ:
ಹೆಚ್ಚುಕಡಿಮೆ ನೂರೈವತ್ತು ವರ್ಷ
ಒಂದು ಹುಳುವಿನ ಹಸಿವಿಗೆ ತಲೆಬಾಗಿದ್ದೇವೆ.
ನಗು ಬಂತು. ತಡೆಯಲಾರದೆ ಮಾವನನ್ನು ಎಬ್ಬಿಸಿದೆ.
ಕಾಣದ ಕಣ್ಣು ನನ್ನತ್ತ ತಿರುಗಿಸಿ ಅವನು ಕೇಳಿದ್ದು ಇಷ್ಟೇ:
"ಆ ಸ್ವರದ ಕೆಳಗೆ ಯಾರ ಹೆಸರಿದೆ?"

ದೀಪ ಹತ್ತಿರ ತಂದು ನೋಡಿದೆ.
ಹೆಸರಿರಲಿಲ್ಲ. ಅದನ್ನೂ ಹುಳು ತಿಂದಿತ್ತು.
ಅಲ್ಲಿ ನಾವು ಸುಮ್ಮನೆ ಬಾಯಿ ತೆರೆಯುತ್ತೇವೆ,
"ಆ" ಅನ್ನುತ್ತೇವೆ, ಯಾಕೆಂದು ಯಾರೂ ಕೇಳಿರಲಿಲ್ಲ.
"ಹಾಗಾದರೆ ಊದಬೇಕಾದ್ದೇ" ಅಂದ ಮಾವ,
ಮಗ್ಗುಲು ತಿರುಗಿ ಮಲಗಿದ.

ಈಗ ನನ್ನ ನಕಲು ಮೂರನೆಯ ಹಾಳೆಗೆ ಬಂದಿದೆ.
ಸ್ವರ ಬರೆದೆ. ಶಾಯಿ ಕೊಂಚ ಹೆಚ್ಚೇ ಬಿತ್ತು.
ಹಾಳೆ ಹಾಳೆಗೂ ನಡುವೆ ಹೊಗೆಸೊಪ್ಪು ಇಡುವುದು ನಮ್ಮ ರೂಢಿ,
ಹುಳು ಬಾರದಿರಲೆಂದು.
ಇಟ್ಟೆ.
ಒಂದು ಕಡೆ ಮಾತ್ರ ಮರೆತೆ.